ಹೆಳವರು ಯಾರು? ನಮ್ಮ ಮನೆತನದ ಹಳೇ ತಲೆಮಾರುಗಳು ಅವರಿಗೆ ಹೇಗೆ ಗೊತ್ತು?

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದವರೇ ಹೆಳವರು. ಮನೆತನಗಳ ವಂಶಾವಳಿ ಬರೆದಿಟ್ಟು ಓದಿಹೇಳುವುದು ಅವರ ಕುಲಕಸುಬು.

ಬರೀ ನೆನಪಿನ ಶಕ್ತಿಯಲ್ಲ, ಕೈಯಲ್ಲಿ ಬರಹವೂ ಇರುತ್ತದೆ. ಮೊದಲು ತಾಡೋಲೆ, ತಾಮ್ರಪಟ. ಆಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ದಪ್ಪ ಕಾಗದದ ಹೊತ್ತಗೆ. ಕಟ್ಟೆಯ ಮೇಲೆ ಅದನ್ನು ಬಿಚ್ಚಿ, ಮೂಲಪುರುಷನಿಂದ ಹಿಡಿದು ಯಾರು ಯಾವ ಊರು ಬಿಟ್ಟು ಬಂದರು, ಬೆಡಗು (ಕುಲದೊಳಗಿನ ಕವಲು) ಯಾವುದು, ಮನೆದೇವರು ಯಾರು ಎಂದು ಓದುತ್ತಾರೆ. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಕೂಸಿನ ಹೆಸರನ್ನು ಕೇಳಿ ಅಲ್ಲೇ ಸೇರಿಸುತ್ತಾರೆ. ಪ್ರತಿಫಲ ಕಾಳುಕಡಿ, ಬಟ್ಟೆ, ದುಡ್ಡು.

ಹೆಣ್ಣುಮಕ್ಕಳ ಹೆಸರು ಮಾತ್ರ ಅದರಲ್ಲಿ ಸಿಗುವುದು ಕಡಿಮೆ. ಅಜ್ಜಿಯ ತವರಿನ ಸುದ್ದಿ ಬೇಕಿದ್ದರೆ ಅಜ್ಜಿಯನ್ನೇ ಕೇಳಿ, ಇವತ್ತೇ ಬರೆದಿಟ್ಟುಕೊಳ್ಳಿ.