ಹೊಸಬರಿಗೆ ಸ್ವಾಗತ ಕೂಟ ಬೇಡ, ಕೆಲಸ ಕೊಡಿ

ನಾಯಿ ತರಬೇತುದಾರರ ಸಮ್ಮೇಳನಕ್ಕೆ ಮೊದಲ ಸಲ ಬರುವವರಿಗಾಗಿ ಹಿಂದಿನ ಸಂಜೆ ಸ್ವಾಗತ ಕೂಟ ಇಡುವುದೋ, ಒಬ್ಬೊಬ್ಬರಿಗೂ ಒಬ್ಬ ಹಳಬರನ್ನು ಜೊತೆ ಮಾಡುವುದೋ ಎಂದು ಕೇಳಿದ್ದೀರಿ. ಅಮೆರಿಕದಲ್ಲಿ ಇಂಥದೇ ಸಮ್ಮೇಳನವೊಂದರ ಸ್ವಾಗತ ಸಮಿತಿಯಲ್ಲಿ ನಾನಿದ್ದೆ. ಈ ಎರಡನ್ನೂ ಮಾಡಿದೆವು. ಸಾಲದೆಂದು ನನ್ನ ಸ್ವಂತ ಬುದ್ಧಿ ಖರ್ಚು ಮಾಡಿ, ಹೊಸಬರ ಬ್ಯಾಡ್ಜುಗಳಿಗೆಲ್ಲ ಹಳದಿ ರಿಬ್ಬನ್ ಅಂಟಿಸಿದೆ.

ಹಳದಿಯೇ ಏಕೆ ಎಂದರೆ, ಮದುವೆಯ ಕರೆಯೋಲೆಯ ಮೂಲೆಗೆ ಅರಿಶಿನ ಹಚ್ಚದೆ ಯಾರ ಕೈಗೂ ಕೊಡದ ಮನೆಯಲ್ಲಿ ಬೆಳೆದವನು ನಾನು. ಕರೆದು ಕೂರಿಸುವ ಬಣ್ಣ ಎಂದರೆ ನನಗೆ ಅದೇ. ಅಂಗಡಿಯಲ್ಲಿ ಆ ಸುರುಳಿ ಅಗ್ಗಕ್ಕೂ ಸಿಕ್ಕಿತು. ಸಮಿತಿಯ ಉಳಿದವರು ಊಟದ ಪಟ್ಟಿಯ ಜಗಳದಲ್ಲಿದ್ದುದರಿಂದ ಒಬ್ಬರೂ ತಡೆಯಲಿಲ್ಲ.

ನಮ್ಮ ವೃತ್ತಿಯಲ್ಲಿ ಹಳದಿ ರಿಬ್ಬನ್ ಎಂದರೇನೆಂದು ನಿಮಗೆ ಗೊತ್ತಿರುತ್ತದೆ. ಬೇರೆ ಓದುಗರಿಗಾಗಿ ಬರೆಯುತ್ತಿದ್ದೇನೆ. ಲೀಶಿಗೆ, ಅಂದರೆ ನಾಯಿಯನ್ನು ಹಿಡಿದು ನಡೆಸುವ ಹಗ್ಗಕ್ಕೆ, ಅದನ್ನು ಕಟ್ಟಿದ್ದರೆ ‘ಹತ್ತಿರ ಬರಬೇಡಿ, ಈ ನಾಯಿಗೆ ಜಾಗ ಬೇಕು’ ಎಂದು. ಅದು ಹೆದರಿದ ನಾಯಿ ಇರಬಹುದು, ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವುದಿರಬಹುದು, ಇನ್ನೂ ಕಲಿಯುತ್ತಿರುವುದಿರಬಹುದು. 2012ರ ಸುಮಾರಿಗೆ ಸ್ವೀಡನ್ ಮತ್ತು ಕೆನಡಾದ ಅಭಿಯಾನಗಳಿಂದ ಹಬ್ಬಿದ ಸಂಕೇತ. ನನಗೆ ಗೊತ್ತಿರಲಿಲ್ಲವೇ? ಗ್ರಾಹಕರೊಬ್ಬರ ಬೀಗಲ್ ನಾಯಿಗೆ ನಾನೇ ಅದನ್ನು ಕಟ್ಟಿದ್ದವನು! ಆದರೆ ನಾಯಿಯ ಲೀಶು ಬೇರೆ, ಮನುಷ್ಯರ ಕೊರಳು ಬೇರೆ ಎಂದು ತಲೆಯಲ್ಲಿ ಎರಡು ಖಾತೆ ತೆರೆದಿಟ್ಟಿದ್ದೆ. ಸಭಾಂಗಣ ತುಂಬಿದ್ದವರಿಗೆ ಒಂದೇ ಖಾತೆ.

ಮೊದಲ ಕಾಫಿ ವಿರಾಮದಲ್ಲೇ ಹಳಬರಿಗೆ ತಮಾಷೆ ಸಿಕ್ಕಿತು. ಒಬ್ಬರು ಹಳದಿ ಕಂಡೊಡನೆ ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ತಪ್ಪಿಸಿ, ಅರ್ಧಚಂದ್ರಾಕಾರದಲ್ಲಿ ಬಳಸಿ ಹೋದರು. ಅಂಜುವ ನಾಯಿಯ ಮುಂದೆ ನಾವು ನಡೆಯುವುದು ಹಾಗೆಯೇ. ಎಲ್ಲರೂ ನಕ್ಕರು. ಹೊಸಬರೂ ನಕ್ಕರು, ಒಂದಿಷ್ಟು ತಡವಾಗಿ. ಒಬ್ಬ ಹುಡುಗ ರಿಬ್ಬನ್ನನ್ನು ಬ್ಯಾಡ್ಜಿನ ಹಿಂದಕ್ಕೆ ಮಡಚಿ, ಕಾಫಿ ಕುಡಿಯುವಷ್ಟು ಹೊತ್ತೂ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ.

ಅಮೆರಿಕದಲ್ಲಿ ನಾಯಿ ತರಬೇತಿಯ ಕೆಲಸಕ್ಕೆ ಸರ್ಕಾರದ ಪರವಾನಗಿ ಬೇಕಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ಹಾಗಾಗಿ ವರ್ಷಗಟ್ಟಲೆ ಒಬ್ಬರೇ ಮನೆಯಿಂದ ಮನೆಗೆ ಅಲೆದು, ಮಾಡುತ್ತಿರುವುದು ಸರಿಯೋ ತಪ್ಪೋ ಎಂದು ಕೇಳಲು ಇನ್ನೊಬ್ಬ ತರಬೇತುದಾರ ಸಿಗದೆ ಬಂದವರು ಈ ಹೊಸಬರು. ನಾಯಿಗಳ ಆಶ್ರಯಧಾಮವೊಂದರಲ್ಲಿ ದುಡಿಯುವ ಮಹಿಳೆಯೊಬ್ಬರು ಪಕ್ಕದ ರಾಜ್ಯದಿಂದ ಕಾರು ಓಡಿಸಿಕೊಂಡು ಬಂದಿದ್ದರು. ಕಚ್ಚುವ ನಾಯಿಗಳ ವಿಚಾರದಲ್ಲಿ ಅವರಿಗಿದ್ದ ಅನುಭವ ನನಗಿರಲಿಲ್ಲ. ಅಂಥ ಗ್ರಾಹಕರನ್ನು ಅವರ ಬಳಿ ಕಳಿಸುವ ಏರ್ಪಾಡು ಮಾಡಿಕೊಳ್ಳಬೇಕೆಂದಿದ್ದೆ. ಊಟವಾದ ಮೇಲೆ ಅವರು ಬ್ಯಾಡ್ಜನ್ನು ನನ್ನ ಮೇಜಿನ ಮೇಲಿಟ್ಟು ಹೊರಟೇಬಿಟ್ಟರು. ಆಮೇಲೆ ನಾನು ಮಾಡಿದ ಕರೆಗಳಿಗೆ ಉತ್ತರವಿಲ್ಲ. ಮರುವರ್ಷ ನನ್ನನ್ನು ವಾಹನ ನಿಲುಗಡೆಗೆ ಹಾಕಿದರು. ಬೇರೆ ಬಣ್ಣ ಆರಿಸಿದ್ದರೆ ಉಳಿಯುತ್ತಿದ್ದೆನೇ ಎಂದರೆ ಅದೂ ಇಲ್ಲ: ಲೀಶಿನ ಲೆಕ್ಕದಲ್ಲಿ ಕೆಂಪಿಗೆ, ಹಸಿರಿಗೆ, ಕಿತ್ತಳೆಗೆ ಎಲ್ಲಕ್ಕೂ ಒಂದೊಂದು ಅರ್ಥವಿದೆ.

ಆದ್ದರಿಂದ ನಿಮ್ಮ ಎರಡು ಆಯ್ಕೆಗಳಲ್ಲಿ ಯಾವುದು ವಾಸಿ ಎಂದು ನಾನು ಹೇಳುವುದಿಲ್ಲ. ಎರಡೂ ಬೇಡ. ಹಿಂದಿನ ಸಂಜೆಯ ಕೂಟದಲ್ಲಿ ಅಪರಿಚಿತರು ಅಪರಿಚಿತರ ಮುಖ ನೋಡುತ್ತಾರೆ. ಜೊತೆಗಾರರೋ, ಎರಡನೆಯ ಉಪನ್ಯಾಸದ ಹೊತ್ತಿಗೆ ತಮ್ಮ ಹಳೆಯ ಗೆಳೆಯರ ಸಾಲಿನಲ್ಲಿರುತ್ತಾರೆ. ಅವರನ್ನು ಬೈಯುವಂತಿಲ್ಲ, ಸಿಪಿಡಿಟಿ ಎಂಬ ನಾಯಿ ತರಬೇತುದಾರರ ಪ್ರಮಾಣಪತ್ರ ಇರುವವರು ಅದನ್ನು ಉಳಿಸಿಕೊಳ್ಳಲು ಇಂಥ ಉಪನ್ಯಾಸಗಳಿಂದ ಮೂರು ವರ್ಷಕ್ಕೆ 36 ಕಲಿಕೆಯ ಅಂಕ ಕೂಡಿಸಬೇಕು, ಇಲ್ಲವೇ ಪರೀಕ್ಷೆಯನ್ನು ಮತ್ತೆ ಬರೆಯಬೇಕು, ಅವರ ಕಣ್ಣು ವೇಳಾಪಟ್ಟಿಯ ಮೇಲೆ.

ಹೊಸಬರಿಗೆ ಕೆಲಸ ಕೊಡಿ. ಆ ಮರುವರ್ಷ ಪ್ರಶ್ನೋತ್ತರದಲ್ಲಿ ಮೈಕ್ ಒಯ್ಯಲು ಮೊದಲ ಸಲ ಬಂದವನೊಬ್ಬನನ್ನು ನಿಲ್ಲಿಸಿದ್ದರು. ಸಂಜೆಯೊಳಗೆ ಅರ್ಧ ಸಭೆ ಅವನನ್ನು ಹೆಸರು ಹಿಡಿದು ಕರೆಯುತ್ತಿತ್ತು. ನೋಂದಣಿ ಅರ್ಜಿಯಲ್ಲೇ ಅವರು ವೃತ್ತಿಯಲ್ಲಿ ಮಾಡುವುದು ಯಾವ ಬಗೆಯ ಕೆಲಸ ಎಂದು ಕೇಳಿ: ಮರಿಗಳ ತರಗತಿಯೋ, ಆಶ್ರಯಧಾಮವೋ, ಕಚ್ಚುವ ನಾಯಿಗಳೋ. ಊಟದ ಮೇಜುಗಳನ್ನು ಅದರ ಪ್ರಕಾರ ಹಂಚಿ, ಪ್ರತಿ ಮೇಜಿಗೂ ಅದೇ ಕೆಲಸದ ಹಳಬರೊಬ್ಬರನ್ನು ಮೊದಲೇ ಕೂರಿಸಿ. ಸಭಾಂಗಣಕ್ಕೆ ಯಾರ ನಾಯಿ ಬರಬಹುದು, ಪ್ರಾತ್ಯಕ್ಷಿಕೆಯ ನಾಯಿಯನ್ನು ಮುಟ್ಟಬಹುದೇ ಎಂಬುದನ್ನು ವಾರ ಮೊದಲೇ ಮಿಂಚಂಚೆಯಲ್ಲಿ ತಿಳಿಸಿಬಿಡಿ. ಎಲ್ಲರೆದುರು ಗದರಿಸಿಕೊಂಡವರು ಮರುವರ್ಷ ಶುಲ್ಕ ಕಟ್ಟುವುದಿಲ್ಲ.