ನಾಯಿಗೆ ಯಾಕೆ ಅಷ್ಟು ಪುಟ ಅಂತ ಕೇಳಿದ ಮೇಷ್ಟ್ರಿಗೆ

ಮೇಷ್ಟ್ರೇ, ನಮಸ್ಕಾರ.

ಹೋದ ಸಂಚಿಕೇಲಿ ಬರಹಗಾರರ ಮನೆ ನಾಯಿಗಳ ಬಗ್ಗೆ ನಾವು ಹಾಕಿದ್ದ ಲೇಖನ ಓದಿ ನೀವು ಬರೆದ ಕಾಗದ ಕೈ ಸೇರ್ತು. ಉಳಿದ ಓದುಗರಿಗೆ ಗೊತ್ತಾಗ್ಲಿ ಅಂತ ನಿಮ್ಮ ಮಾತನ್ನ ಚಿಕ್ಕದಾಗಿ ಹೇಳ್ಬಿಡ್ತೀನಿ. ಮನುಷ್ಯರ ಕಷ್ಟ ಬರೆಯೋಕೆ ಜಾಗ ಸಾಲದ ಪತ್ರಿಕೇಲಿ ನಾಯಿಗೆ ಅಷ್ಟೊಂದು ಪುಟ ಯಾಕೆ, ಇದು ದುಡ್ಡಿದ್ದೋರ ಶೋಕಿ ಅಲ್ವಾ, ನಾಯಿಗೆ ಅಳೋರು ಪಕ್ಕದ ಮನೆಯವರ ಕಷ್ಟಕ್ಕೆ ಅಳೋದನ್ನ ನಾನಂತೂ ನೋಡಿಲ್ಲ, ನಮ್ಮ ಬೀದೀಲಿ ಮೂರನೇ ಕ್ಲಾಸ್ ಹುಡುಗಿಗೆ ನಾಯಿ ಕಚ್ಚಿ ಅವಳಿನ್ನೂ ಸ್ಕೂಲಿಗೆ ಹೋಗ್ತಿಲ್ಲ, ಅದನ್ನ ಯಾರು ಬರೀತೀರ ಅಂತ.

ಮೊದಲು ಆ ಮಗು ವಿಷಯ, ಯಾಕಂದ್ರೆ ಉಳಿದಿದ್ದೆಲ್ಲ ಆಮೇಲೆ. ನಾಯಿ ಕಚ್ಚಿದ ತಕ್ಷಣ ನಲ್ಲಿ ಕೆಳಗೆ ಗಾಯ ಹಿಡಿದು ಸೋಪ್ ಹಾಕಿ ಹದಿನೈದು ನಿಮಿಷ ತೊಳೀಬೇಕು, ಅರಿಶಿನ ಸುಣ್ಣ ಖಾರದಪುಡಿ ಏನೂ ಹಚ್ಚಬಾರದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿ ಡಾಕ್ಟರ್ ಹೇಳಿದ ದಿನಗಳಿಗೆ ಸರಿಯಾಗಿ ಅಷ್ಟೂ ಡೋಸ್ ಮುಗಿಸ್ಬೇಕು, ಚರ್ಮ ಸೀಳಿ ರಕ್ತ ಬಂದಿದ್ರೆ ಗಾಯದ ಜಾಗಕ್ಕೇ ಕೊಡೋ ಇನ್ನೊಂದು ಇಂಜೆಕ್ಷನ್ ಬೇಕಾಗುತ್ತೆ ಅದನ್ನೂ ಕೇಳಿ ಹಾಕಿಸ್ಬೇಕು. ಹುಚ್ಚುನಾಯಿ ಕಾಯಿಲೆ, ಅಂದ್ರೆ ರೇಬೀಸ್, ಅದರ ಲಕ್ಷಣ ಕಾಣಿಸ್ಕೊಂಡ ಮೇಲೆ ಉಳಿಯೋದು ಹೆಚ್ಚೂಕಮ್ಮಿ ಇಲ್ಲವೇ ಇಲ್ಲ. ಆ ಹುಡುಗಿ ಮನೆಯವರು ಎಲ್ಲಾ ಡೋಸ್ ಹಾಕಿಸಿದಾರಾ ಅಂತ ದಯವಿಟ್ಟು ನೀವೇ ಒಂದ್ಸಲ ಹೋಗಿ ವಿಚಾರಿಸಿ.

ಇದೇ ಕಾಯಿಲೆ ನಮ್ಮ ಲೇಖನದೊಳಗೂ ಇತ್ತು. ಇಂಗ್ಲಿಷ್ ಕವಿ ಬೈರನ್ ಸಾಕಿದ್ದ ಬೋಟ್ಸ್‌ವೈನ್ ಅನ್ನೋ ನ್ಯೂಫೌಂಡ್‌ಲ್ಯಾಂಡ್ ನಾಯಿ 1808ರಲ್ಲಿ ಸತ್ತಿದ್ದು ರೇಬೀಸ್ ಬಂದೇ. ಅದಕ್ಕೆ ಬಂದಿರೋದು ಏನು ಅಂತ ತಿಳೀದೆ ಇಪ್ಪತ್ತು ವರ್ಷದ ಬೈರನ್ ಬರಿಗೈಯಲ್ಲೇ ಅದರ ಬಾಯಿ ಜೊಲ್ಲು ಒರೆಸ್ತಿದ್ದ ಅಂತ ಅವನ ಜೀವನಚರಿತ್ರೇಲಿದೆ. ಈ ಕಾಯಿಲೆಗೆ ಪ್ಯಾಸ್ಚರ್ ಕಂಡುಹಿಡಿದ ಲಸಿಕೆ ಮನುಷ್ಯರಿಗೆ ಮೊದಲು ಸಿಕ್ಕಿದ್ದು 1885ರಲ್ಲಿ, ಅಂದ್ರೆ ಅದಾಗಿ 77 ವರ್ಷದ ಮೇಲೆ. ಬೈರನ್ ಮನೆತನದ ನ್ಯೂಸ್ಟೆಡ್ ಅಬ್ಬಿ ಅನ್ನೋ ಬಂಗಲೇಲಿ ಆ ನಾಯಿಗೆ ಕಟ್ಟಿಸಿದ ಸ್ಮಾರಕ ಈಗಲೂ ಇದೆ. ನಾಯಿ ಮೇಲಿನ ಪ್ರೀತಿ, ನಾಯಿಯಿಂದ ಬರೋ ಭಯ ಎರಡೂ ಒಂದೇ ಮನೇಲಿರುತ್ತೆ ಮೇಷ್ಟ್ರೇ, ಒಂದನ್ನ ಬರೆದ್ರೆ ಇನ್ನೊಂದನ್ನ ಮುಚ್ಚಿಟ್ಟ ಹಾಗಲ್ಲ.

ಇನ್ನು ನಿಮ್ಮ ದೊಡ್ಡ ಮಾತಿಗೆ ಬರ್ತೀನಿ, ನಾಯಿಗೆ ಅಳೋರು ಮನುಷ್ಯರಿಗೆ ಅಳಲ್ಲ ಅನ್ನೋದು. ಇದನ್ನ ನಾನು ಒಪ್ಪಲ್ಲ. ಯಾಕೆ ಒಪ್ಪಲ್ಲ ಅನ್ನೋದಕ್ಕೆ ಲೇಖನದಲ್ಲಿ ಎರಡೇ ಸಾಲಲ್ಲಿ ಬಂದು ಹೋದ ಇಂಗ್ಲಿಷ್ ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಕಥೇನೇ ಸ್ವಲ್ಪ ಉದ್ದಕ್ಕೆ ಹೇಳ್ತೀನಿ, ಕೇಳಿ.

1840ರಲ್ಲಿ ಆಕೆಯ ಅಚ್ಚುಮೆಚ್ಚಿನ ತಮ್ಮ ಸಮುದ್ರದಲ್ಲಿ ಮುಳುಗಿ ಹೋದ. ಮೊದಲೇ ಕಾಯಿಲೆ ಮೈ, ಅದರ ಮೇಲೆ ಈ ದುಃಖ. ಗೆಳತಿ ಮೇರಿ ಮಿಟ್‌ಫರ್ಡ್ ಒಂದು ಕಾಕರ್ ಸ್ಪ್ಯಾನಿಯಲ್ ಮರಿ ಕೊಟ್ಟಳು, ಅದರ ಹೆಸರು ಫ್ಲಶ್. ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಮನೆ ಮಹಡಿ ರೂಮಲ್ಲಿ, ಹೊರಗೆ ಹೋಗೋದೇ ಅಪರೂಪ ಆಗಿದ್ದ ಆ ಹೆಂಗಸಿನ ಕಾಲ ಹತ್ರ ವರ್ಷಗಟ್ಟಲೆ ಅದೂ ಬಿದ್ಕೊಂಡಿತ್ತು. ಆಗಿನ ಲಂಡನ್ನಲ್ಲಿ ಸಾಕಿದ ನಾಯಿಗಳನ್ನ ಕದ್ದು ದುಡ್ಡು ಕೀಳೋ ಗ್ಯಾಂಗುಗಳಿದ್ವು, ಫ್ಲಶ್ ಮೂರು ಸಲ ಕಳುವಾಯ್ತು. ಮೂರನೇ ಸಲ ಆಗಿದ್ದು 1846ರ ಸೆಪ್ಟೆಂಬರ್‌ನಲ್ಲಿ, ಕವಿ ರಾಬರ್ಟ್ ಬ್ರೌನಿಂಗ್ ಜೊತೆ ಆಕೆ ಯಾರಿಗೂ ಹೇಳದೆ ಮದುವೆ ಆಗೋಕೆ ಇನ್ನೇನು ಕೆಲವೇ ದಿನ ಇದ್ದಾಗ. ಕಳ್ಳರು ಕೇಳಿದ್ದು ಆರು ಗಿನಿ (ಆಗಿನ ಇಂಗ್ಲೆಂಡಿನ ಹಣ). ಅಪ್ಪ ಕೊಡ್ಕೂಡದು ಅಂದ. ಬ್ರೌನಿಂಗ್ ಕೂಡ ಕೊಡಬೇಡ ಅಂತಾನೇ ಬರೆದ, ಕೊಟ್ರೆ ದುಷ್ಟರನ್ನ ಇನ್ನಷ್ಟು ಬೆಳೆಸಿದ ಹಾಗಾಗುತ್ತೆ ಅಂತ. ತತ್ವದಲ್ಲಿ ಅವನು ಹೇಳಿದ್ದು ಸರೀನೇ, ನಾನೂ ಒಪ್ತೀನಿ. ಆದ್ರೆ ದುಡ್ಡು ತಲುಪದಿದ್ರೆ ನಾಯಿ ಗತಿ ಏನು ಅಂತ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಆಗ ಆಕೆ ಮಾಡಿದ್ದೇನು ನೋಡಿ. ಕೆಲಸದಾಕೆ ವಿಲ್ಸನ್‌ಳನ್ನ ಕರ್ಕೊಂಡು ಬಾಡಿಗೆ ಗಾಡಿ ಹತ್ತಿ ಸೀದಾ ಶೋರ್‌ಡಿಚ್‌ಗೆ, ಅಂದ್ರೆ ಕಳ್ಳರ ಕೇರಿಗೇ ಹೋದಳು. ಗ್ಯಾಂಗಿನ ಯಜಮಾನ ಟೇಲರ್ ಮನೇಲಿರಲಿಲ್ಲ, ಅವನ ಹೆಂಡ್ತಿ ಬಂದು ಗಾಡಿಯಿಂದ ಇಳೀರಿ ಒಳಗೆ ಬನ್ನಿ ಅಂತ ಕರೆದಳು, ಸುತ್ತ ಜನ ಸೇರಿದ್ರು, ವಿಲ್ಸನ್ ನಡುಗ್ತಿದ್ಲು. ನಾಯಿ ಸಿಗಲಿಲ್ಲ, ವಾಪಸ್ ಬಂದ್ರು. ಆಮೇಲೆ ಟೇಲರ್ ತಾನೇ ಮನೆಗೆ ಬಂದ, ಆಕೆಯ ತಮ್ಮನೊಬ್ಬ ಅವನಿಗೆ ಬಾಯಿಗೆ ಬಂದ ಹಾಗೆ ಬೈದು ಕೆಲಸ ಕೆಡಿಸಿದ, ಎಲಿಜಬೆತ್ ಮತ್ತೆ ಹೊರಟು ನಿಂತಾಗ ಇನ್ನೊಬ್ಬ ತಮ್ಮ ನಾನು ಹೋಗ್ತೀನಿ ನೀನು ಇರು ಅಂತ ಹೇಳಿ ದುಡ್ಡು ತಲುಪಿಸಿ ಬಂದ. ರಾತ್ರಿ ಫ್ಲಶ್ ಮನೆಗೆ ಬಂತು. ಬಂದದ್ದೇ ಆಕೆ ರೂಮಿನ ಬಾಗಿಲಿಗೆ ಓಡಿತು, ಆಮೇಲೆ ತನ್ನ ನೇರಳೆ ಬಣ್ಣದ ಬಟ್ಟಲಲ್ಲಿ ನೀರು ಕುಡೀತು, ಮೂರು ಸಲ ತುಂಬಿಸಿದ್ರೂ ಮೂರು ಸಲವೂ ಖಾಲಿ ಮಾಡ್ತು ಅಂತ ಆಕೆ ಕಾಗದದಲ್ಲಿ ಬರೆದಿದಾಳೆ. ಆ ಬಟ್ಟಲಿನ ಮಾತು ಓದಿದಾಗ ಅಲ್ಲಿ ಅದನ್ನ ಎಷ್ಟು ಬಾಯಾರಿಸಿ ಇಟ್ಟಿದ್ರೋ ಅಂತ ನನಗೆ ಹೊಟ್ಟೆ ಕಿವುಚಿದ ಹಾಗಾಯ್ತು, ಇದನ್ನ ಹೇಳ್ಕೊಳ್ಳೋಕೆ ನನಗೇನೂ ಸಂಕೋಚ ಇಲ್ಲ.

ಆ ಸೆಪ್ಟೆಂಬರ್ 12ಕ್ಕೆ ಆಕೆ ಮದುವೆ ಆದಳು, ಒಂದು ವಾರಕ್ಕೆ ಗಂಡ, ವಿಲ್ಸನ್, ಫ್ಲಶ್ ಎಲ್ಲರ ಜೊತೆ ಇಟಲಿಗೆ ಹೊರಟಳು. ಅಪ್ಪನ ಮಾತು ಮೀರಿ ಮನೆ ಹೊಸ್ತಿಲು ದಾಟೋ ಧೈರ್ಯ ಆಕೆ ಮೊದಲು ತೋರಿಸಿದ್ದು ನಾಯಿಗೋಸ್ಕರ, ಇದು ನನ್ನ ಅಭಿಪ್ರಾಯ.

ಈಗ ನಿಮ್ಮ ಪ್ರಶ್ನೆ ಇಟ್ಕೊಂಡು ನೋಡಿ. ಈಕೆ ಮನುಷ್ಯರಿಗೆ ಅಳದ ಹೆಂಗಸಾ? ಗಣಿ, ಫ್ಯಾಕ್ಟರಿಗಳಲ್ಲಿ ದುಡೀತಿದ್ದ ಮಕ್ಕಳ ಬಗ್ಗೆ 1843ರಲ್ಲೇ ಕವಿತೆ ಬರೆದಿದ್ದಳು, ಆ ಮಕ್ಕಳ ಮೇಲಿನ ಸರ್ಕಾರಿ ವರದಿ ಓದಿಕೊಂಡು. ಗುಲಾಮಗಿರಿ ವಿರುದ್ಧ ಬರೆದಳು. ಆದ್ರೆ ಬಡವರ ಕೇರಿ ಹೇಗಿರುತ್ತೆ ಅಂತ ಅಷ್ಟು ಹತ್ತಿರದಿಂದ ಕಣ್ಣಾರೆ ನೋಡಿದ್ದು ಫ್ಲಶ್‌ನ ಹುಡುಕಿಕೊಂಡು ಹೋದಾಗ. ಹತ್ತು ವರ್ಷ ಆದಮೇಲೆ ಬರೆದ ದೊಡ್ಡ ಕಾವ್ಯ 'ಅರೋರಾ ಲೀ'ಯಲ್ಲಿ ಬರೋ ಲಂಡನ್ ಕೊಳಗೇರಿಯ ಜೀವಂತ ಚಿತ್ರಗಳಿಗೆ ಅವತ್ತು ಕಂಡ ಮುಖಗಳೇ ಕಾರಣ ಅಂತ ಇಂಗ್ಲಿಷ್ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್ ಹೇಳ್ತಾಳೆ. ಈ ವುಲ್ಫ್ 1933ರಲ್ಲಿ ಫ್ಲಶ್ ಹೆಸರಲ್ಲೇ ಒಂದು ಪುಸ್ತಕ ಬರೆದಳು, ನಾಯಿಯ ಜೀವನಚರಿತ್ರೆ. ಅದರ ಕೊನೆ ಟಿಪ್ಪಣಿಗಳಲ್ಲಿ ಬಹಳ ಉದ್ದದ್ದು ಯಾರ ಬಗ್ಗೆ ಗೊತ್ತಾ, ಆ ಕೆಲಸದಾಕೆ ವಿಲ್ಸನ್ ಬಗ್ಗೆ. ಜೊತೇಲೇ ಇದ್ದ, ಎಲ್ಲಾ ಅಪಾಯಕ್ಕೂ ಹೆಗಲು ಕೊಟ್ಟ ಆ ಹೆಂಗಸಿನ ಕಥೆ ಯಾರೂ ಬರೆದಿಲ್ವಲ್ಲ ಅನ್ನೋ ಸಂಕಟ ಅಲ್ಲಿದೆ. ನಾಯಿ ಕಥೆ ಬರೆಯೋಕೆ ಕೂತವಳು ಮನೆಯೊಳಗೆ ಯಾರ ಕಣ್ಣಿಗೂ ಬೀಳದ ಮನುಷ್ಯಳನ್ನ ಕಂಡಳು.

ನಾಯಿ ಬರಹಗಾರರನ್ನ ಮೇಜಿಂದ ಎಬ್ಬಿಸಿ ಆಚೆ ಕರ್ಕೊಂಡು ಹೋಗುತ್ತೆ, ಆಚೆ ಜನ ಇರ್ತಾರೆ. ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ ಅಷ್ಟು ಒಂಟಿಯಾಗಿ ಇರೋಳು, ಆಕೆಗೂ ಗುಡ್ಡಗಾಡು ಸುತ್ತೋಕೆ ಜೊತೆಗಿದ್ದಿದ್ದು ಅಪ್ಪ ತಂದುಕೊಟ್ಟ ಕಾರ್ಲೊ ಅನ್ನೋ ನಾಯಿ. 1866ರಲ್ಲಿ ಅದು ಸತ್ತಾಗ ತಾನು ಗುರು ಅಂತ ನಂಬಿದ್ದವರಿಗೆ ಅದನ್ನ ಎರಡೇ ಪದದಲ್ಲಿ ತಿಳಿಸಿದಳು.

ದುಡ್ಡಿದ್ದೋರ ಶೋಕಿ ಅಂದ್ರಲ್ಲ, ಅದಕ್ಕೆ ದೂರ ಹೋಗೋದೇ ಬೇಡ, ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿಗೆ ಬನ್ನಿ. ಅಲ್ಲಿ ಸಿಕ್ಕ ಹತ್ತನೇ ಶತಮಾನದ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್‌ನಲ್ಲಿದೆ, ಮೇಲೆ ನಾಯಿ ಕಾಡುಹಂದಿ ಮೇಲೆ ಬಿದ್ದಿರೋ ಚಿತ್ರ ಕೆತ್ತಿದಾರೆ. ಚೋಳರ ವಿರುದ್ಧ ನಡೆದ ತಕ್ಕೋಲದ ಯುದ್ಧದಲ್ಲಿ ವೀರಾವೇಶದಿಂದ ಹೋರಾಡಿದ ಮಣಲೇರ ಅನ್ನೋ ವೀರನಿಗೆ ಗಂಗರ ದೊರೆ ಬೂತುಗ ಏನು ಬೇಕು ಕೇಳು ಅಂದಾಗ, ಅವನು ಕೇಳಿದ್ದು ಕಾಳಿ ಅನ್ನೋ ನಾಯೀನ. ಆ ಕಾಳಿ ಹಂದಿ ಜೊತೆ ಕಾದಾಡಿ ಎರಡೂ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ ಗೊರವನಿಗೆ (ಶೈವ ಪೂಜಾರಿಗೆ) ನಾಯಿ ಮಾಡಿದ ಪಾಪ ತಟ್ಟಲಿ ಅಂತ ಹಳಗನ್ನಡದಲ್ಲಿ ಕೆತ್ತಿಸಿದಾರೆ. ನಾಯಿಗೆ ಜಾಗ ಕೊಡೋದು ನಮ್ಮ ಬರಹಕ್ಕೆ ಹೊರಗಿಂದ ಬಂದ ಅಭ್ಯಾಸ ಅಲ್ಲ. ಇನ್ನು ತೇಜಸ್ವಿಯವರ ಕಾದಂಬರೀಲಿ ಬರೋ ಕಿವಿ ಅನ್ನೋ ನಾಯಿ. 'ಕರ್ವಾಲೊ' ಓದಿದವರಿಗೆ ಮಂದಣ್ಣ, ಪ್ಯಾರ ಎಷ್ಟು ನೆನಪಲ್ಲಿರ್ತಾರೋ ಕಿವೀನೂ ಅಷ್ಟೇ ನೆನಪಲ್ಲಿರುತ್ತೆ, ಅದನ್ನ ಶೋಕಿ ಅಂತ ನೀವೂ ಅನ್ನಲ್ಲ, ಮೂವತ್ತು ವರ್ಷ ಹುಡುಗರಿಗೆ ಪಾಠ ಮಾಡಿದೋರು.

ಹುಡುಗಿಗೆ ಕಚ್ಚಿದ್ದರ ಬಗ್ಗೆ, ಬೀದಿನಾಯಿಗಳಿಗೆ ಆಪರೇಷನ್ನು ಲಸಿಕೆ ಎರಡೂ ಸರಿಯಾಗಿ ಆಗದೆ ಇರೋದರ ಬಗ್ಗೆ ಬರೀಬೇಕು ಅಂದಿದ್ದು ನೂರಕ್ಕೆ ನೂರು ನ್ಯಾಯ, ಮುಂದಿನ ಸಂಚಿಕೇಲಿ ಅದಕ್ಕೆ ಜಾಗ ಇಟ್ಟಿದೀನಿ. ಬರಹಗಾರರ ನಾಯಿಗಳ ಸರಣೀನೂ ನಿಲ್ಲಿಸಲ್ಲ, ಮುಂದಿನದು ಇಂಗ್ಲಿಷ್ ಬರಹಗಾರ ಥಾಮಸ್ ಹಾರ್ಡಿ ಸಾಕಿದ್ದ ನಾಯಿ ವೆಸೆಕ್ಸ್.

ಕಾಗದದ ಕೊನೇಲಿ, ಸಹಿ ಹಾಕಿದ ಮೇಲೆ, ಚಿಕ್ಕ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೀರ, ನಮ್ಮನೇಲೂ ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿಯಿಡೀ ಅಂಗಳ ಕಾಯ್ತಿದ್ದ ಒಂದು ಇತ್ತು, ಅದು ಹೋದ ದಿನ ಅಪ್ಪ ಊಟ ಮಾಡಲಿಲ್ಲ ಅಂತ. ಅದನ್ನ ಬರೆದು ಕಳ್ಸಿ ಮೇಷ್ಟ್ರೇ. ಎಷ್ಟುದ್ದ ಆದ್ರೂ ಪರವಾಗಿಲ್ಲ, ಕೈಬರಹದಲ್ಲೇ ಇರ್ಲಿ, ಟೈಪ್ ನಾವು ಮಾಡಿಸ್ಕೋತೀವಿ. ಅದರ ಹೆಸರೇನು ಅಂತ ಮಾತ್ರ ಮರೀದೆ ಬರೀರಿ.

ನಿಮ್ಮ,
ಸಂಪಾದಕ