ಮರಗಸಿಗೆ ಕಾಲ್ಮುಳ್ಳು ಬೇಡ ಮಾರಾಯ್ರೆ

ಪ್ರಶ್ನೆ: ಸರ್, ನಮ್ದು ಮೂಡಿಗೆರೆ ಹತ್ರ ನಾಲ್ಕೆಕರೆ ರೋಬಸ್ಟ ಕಾಫಿ ತೋಟ, ನೆರಳಿನ ಸಿಲ್ವರ್ ಓಕ್ ಮರಕ್ಕೆಲ್ಲ ಮೆಣಸು ಹಬ್ಸಿದೀವಿ. ಈ ಸಲ ಮರಗಸಿಗೆ, ಅಂದ್ರೆ ನೆರಳಿನ ಮರದ ಕೊಂಬೆ ಸವರೋಕೆ, ಬಂದ ಹುಡುಗರು ಬೂಟಿಗೆ ಕಬ್ಬಿಣದ ಮುಳ್ಳು ಕಟ್ಕೊಂಡು ಹತ್ತಿದ್ರು. ಕೆಲ್ಸ ಏನೋ ಬೇಗ ಮುಗೀತು, ಆದ್ರೆ ಈಗ ಮರದ ತುಂಬ ತೂತು, ಎರಡು ಹಲಸಿನ ಮರದಲ್ಲಿ ಅಂಟು ಸೋರ್ತಾ ಇದೆ. ನಮ್ಮಪ್ಪ ದಿನಾ ಬೈತಾರೆ. ಮರಕ್ಕೆ ಏನಾದ್ರೂ ಆಗುತ್ತಾ? ಮುಳ್ಳಿಲ್ದೆ ಹತ್ತಿಸೋದು ಹೇಗೆ?

ಉತ್ತರ: ನಿಮ್ಮಪ್ಪ ಬೈತಿರೋದು ಸರಿಯಾಗೇ ಇದೆ, ಸ್ವಲ್ಪ ಬೈಸ್ಕೊಳ್ಳಿ. ತೊಗಟೆನ ಉಗುರಲ್ಲಿ ಕೆರೆದ್ರೆ ಒಳಗೆ ಒದ್ದೆ ಪದರ ಸಿಗುತ್ತಲ್ಲ, ಮರದ ಜೀವ ಇರೋದೇ ಅಲ್ಲಿ, ಮುಳ್ಳು ಹೋಗಿ ನಾಟೋದೂ ಅಲ್ಲೇ. ನಮ್ಮ ಚರ್ಮದ ಗಾಯ ಮಾಯೋ ಹಾಗೆ ಮರದ ಗಾಯ ಮಾಯಲ್ಲ. ಮರ ಆ ಜಾಗಕ್ಕೆ ಸುತ್ತ ಗೋಡೆ ಕಟ್ಕೊಂಡು ಮೇಲೆ ಹೊಸ ಪದರ ಬೆಳೆಸುತ್ತೆ ಅಷ್ಟೆ, ಹಳೇ ಗಾಯ ಒಳಗೇ ಉಳಿಯುತ್ತೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೀಗೊ ಅನ್ನೋ ವಿಜ್ಞಾನಿ ಸಾವಿರಾರು ಮರ ಸೀಳಿ ನೋಡಿ ಇದನ್ನ ತೋರಿಸಿದ್ರು. ನಾನು ಅಷ್ಟೆಲ್ಲ ಓದಿ ಕಲ್ತವನಲ್ಲ, ಹಿಂದೊಮ್ಮೆ ನಾನೂ ಇದೇ ತರ ಮುಳ್ಳು ಹಾಕಿಸಿ ಹತ್ತಿಸಿದ್ದ ಸಿಲ್ವರ್ ಮರನ ಆಮೇಲೆ ಕಡಿಸಿ ಸಾಮಿಲ್‌ಗೆ ಕಳಿಸಿದಾಗ, ಹಲಗೆಯಲ್ಲಿ ಒಂದೊಂದು ತೂತಿನ ಮೇಲೂ ಕೆಳಗೂ ಗೇಣುದ್ದ ಕಪ್ಪು ಗೆರೆ, ಮಸಿ ಬಳಿದಂಗೆ. ಮಿಲ್‌ನವನು ರೇಟು ಇಳಿಸ್ದ, ಅವತ್ತು ಬುದ್ಧಿ ಬಂತು.

ಲೆಕ್ಕ ಹಾಕಿ ನೋಡಿ. ಒಂದಡಿಗೊಂದು ಹೆಜ್ಜೆ ಅಂದ್ರೂ 30 ಅಡಿ ಹತ್ತೋಕೆ 30 ತೂತು, ಇಳಿಯೋಕೆ ಇನ್ನೊಂದು 30, ವರ್ಷಕ್ಕೊಂದ್ಸಲ ಅಂದ್ರೂ ಹತ್ತು ವರ್ಷಕ್ಕೆ 600. ಜೊತೆಗೆ ನಿಮ್ಮ ಮೆಣಸಿನ ಬಳ್ಳಿಯ ಅಂಟುಬೇರು ಕಿತ್ತು ಬರೋದು ಬೇರೆ. ಕಡಿದು ಉರುಳಿಸೋ ಮರಕ್ಕೆ ಮುಳ್ಳು ಹಾಕ್ಲಿ ಬಿಡಿ, ಯಾರೂ ಬೇಡ ಅನ್ನಲ್ಲ. ಉಳಿಸ್ಕೊಳ್ಳೋ ಮರಕ್ಕೆ ಬೇಡ.

ಈಗ ಹತ್ತಿಸೋ ವಿಷ್ಯ. ಬಳ್ಳಿ ಇಲ್ಲದ ಕಡೆ ಏಣಿ ಒರಗಿಸಿ, ತುದಿನ ಮರಕ್ಕೆ ಬಿಗಿದು ಕಟ್ಟಿಸಿ. ಬಿದಿರಿಂದೋ ಫೈಬರ್‌ದೋ ಇರ್ಲಿ, ಅಲ್ಯೂಮಿನಿಯಂ ಮಾತ್ರ ಲೈನ್ ಹೋಗಿರೋ ಕಡೆ ಬೇಡವೇ ಬೇಡ, ಮೆಣಸು ಕೊಯ್ಯೋವಾಗ ಏಣಿ ಕರೆಂಟಿಗೆ ತಾಗಿ ಸತ್ತವರ ಸುದ್ದಿ ಕಾಫಿ ಸೀಮೆಯವರಿಗೆ ನಾನು ಹೇಳ್ಬೇಕಾಗಿಲ್ಲ. ಲೈನ್ ಪಕ್ಕದ ಮರ ಆದ್ರೆ ಮೊದ್ಲು ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗೆಸಿ.

ಏಣಿ ಮುಗಿದ ಮೇಲೆ ಹಗ್ಗ. ಮರಳು ತುಂಬಿದ ಕಾಲು ಕೆಜಿ ಚೀಲಕ್ಕೆ ಸಣ್ಣ ದಾರ ಕಟ್ಟಿ ಮೇಲಿನ ಕವಲಿಗೆ ಎಸೀಬೇಕು, ದಾರದ ಹಿಂದೆ ಹತ್ತೋ ಹಗ್ಗ ಎಳ್ಕೋಬೇಕು. ತೆಂಗಿನ ನಾರಿನ ಹಗ್ಗ ಅಲ್ಲ, ಮರ ಹತ್ತೋಕಂತಲೇ ಬರೋ 11ರಿಂದ 13 ಎಂಎಂ ಹಗ್ಗ. ಆಮೇಲೆ ಕೆಳಗಿಂದ ಇಬ್ರು ಜೋತುಬಿದ್ದು ಜಗ್ಗಿ ನೋಡ್ಲಿ. ಸಿಲ್ವರ್ ಕೊಂಬೆ ಪಟ್ ಅಂತ ಮುರಿಯೋ ಜಾತಿ, ದಪ್ಪ ಕಾಣ್ಸುತ್ತೆ ಅಂತ ಅಡ್ಡ ಕೊಂಬೆ ಮೇಲೆ ಹಗ್ಗ ಹಾಕ್ಬೇಡಿ, ನೆಟ್ಟಗೆ ಹೋಗೋ ಬೊಡ್ಡೆಯನ್ನೇ ಬಳಸಿ ಬರಬೇಕು. ಆ ಹಗ್ಗದ ಮೇಲೆ ಪ್ರೂಸಿಕ್ ಅನ್ನೋ ಗಂಟು ಹಾಕ್ತಾರೆ, ಭಾರ ಬಿದ್ರೆ ಗಪ್ ಅಂತ ಹಿಡಿಯುತ್ತೆ, ಕೈಯಲ್ಲಿ ತಳ್ಳಿದ್ರೆ ಜಾರುತ್ತೆ. ಕತ್ತಿ ಬೀಸೋ ಮುಂಚೆ ಸೊಂಟದ ಪಟ್ಟಿನೂ ಮರಕ್ಕೆ ಸುತ್ತಿರ್ಬೇಕು, ಯಾಕಂದ್ರೆ ಒಂದು ಹಗ್ಗಕ್ಕೆ ಕತ್ತಿ ತಾಗಿದ್ರೂ ಇನ್ನೊಂದು ಹಿಡ್ಕೊಂಡಿರುತ್ತೆ. ಕಲಿಯೋದು ಗೊತ್ತಿರೋರ ಹತ್ರಾನೇ, ಅದೂ ನಾಲ್ಕಡಿ ಎತ್ತರದಲ್ಲಿ. ನಿಧಾನ ಆಗುತ್ತೆ, ಸಂಬಳ ಜಾಸ್ತಿ ಕೇಳ್ತಾರೆ, ಕೊಡಿ.

ಈಗಾಗಿರೋ ತೂತಿಗೆ ಸಿಮೆಂಟು, ಟಾರು ಏನೂ ಮೆತ್ತಬೇಡಿ. ಹಲಸಿನ ಅಂಟು ತಾನಾಗೇ ನಿಲ್ಲುತ್ತೆ, ಒಂದು ಮಳೆಗಾಲ ಕಣ್ಣಿಟ್ಟಿರಿ, ಸಾಕು.

ಪ್ರಶ್ನೆ: ಕೊಂಬೆ ಕಡಿಯುವಾಗ ಅರ್ಧಕ್ಕೇ ಮುರಿದು ಬೊಡ್ಡೆ ತೊಗಟೆ ಉದ್ದಕ್ಕೂ ಸೀಳ್ಕೊಂಡು ಬರುತ್ತೆ. ಏನ್ ಮಾಡೋದು? (ಸಕಲೇಶಪುರದಿಂದ)

ಉತ್ತರ: ಒಂದೇ ಏಟಿಗೆ ಇಳಿಸೋ ಆಸೆ ಬಿಡಿ. ಬೊಡ್ಡೆಯಿಂದ ಒಂದಡಿ ದೂರದಲ್ಲಿ ಕೊಂಬೆಯ ಕೆಳಗಿಂದ ಕಾಲು ಭಾಗ ಗರಗಸ ಹಾಕಿ, ಅದಕ್ಕಿಂತ ಎರಡಿಂಚು ಆಚೆ ಮೇಲಿಂದ ಕೊಯ್ದ್ರೆ ಕೊಂಬೆ ಬಿದ್ದೋಗುತ್ತೆ, ಸೀಳು ಕೆಳಗಿನ ಗಾಯದ ಹತ್ರ ನಿಲ್ಲುತ್ತೆ. ಉಳಿದ ಮೋಟನ್ನ ಆಮೇಲೆ ತೆಗೀರಿ. ಕೊಂಬೆ ಹುಟ್ಟೋ ಜಾಗದಲ್ಲಿ ಉಂಗುರದ ಹಾಗೆ ಉಬ್ಬಿರುತ್ತೆ ನೋಡಿ, ಅದರ ಹೊರಗೇ ಕೊಯ್ಬೇಕು. ನೀಟಾಗಿ ಕಾಣ್ಲಿ ಅಂತ ಉಬ್ಬನ್ನೂ ಸೇರಿಸಿ ಬೊಡ್ಡೆಗೆ ಸಮ ಸವರಿದ್ರೆ ಗಾಯ ಮುಚ್ಚೋಕಾಗಲ್ಲ, ಮೋಟು ಬಿಟ್ರೆ ಅದೇ ಕೊಳೆತು ಒಳಗಿಳಿಯುತ್ತೆ. ಗಾಯಕ್ಕೆ ಬೂಷ್ಟು ಹಿಡೀದಂಗೆ ಬೋರ್ಡೋ ಪೇಸ್ಟ್ ಹಚ್ಚೋ ಅಭ್ಯಾಸ ಇದ್ರೆ ಹಚ್ಚಿ, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಹತ್ತು ಲೀಟರ್ ನೀರು. ಆದ್ರೆ ತಪ್ಪು ಕೊಯ್ದಿದ್ದನ್ನ ಪೇಸ್ಟ್ ಸರಿ ಮಾಡಲ್ಲ.

ಪ್ರಶ್ನೆ: ತೆಂಗಿನ ಮರ ಹತ್ತೋಕೆ ಕಾಂಡದಲ್ಲಿ ಮೆಟ್ಟಿಲು ಕಡಿಸ್ಬೋದಾ? ನಮ್ಮೂರಲ್ಲಿ ಎಲ್ರೂ ಕಡಿಸ್ತಾರೆ. (ಕಡೂರು ತಾಲೂಕಿನ ಓದುಗರು)

ಉತ್ತರ: ಬೇಡ ಸ್ವಾಮಿ. ಮಾವು ಹಲಸಿಗಾದ್ರೆ ಗಾಯದ ಮೇಲೆ ಹೊಸ ಪದರ ಬೆಳೆಯುತ್ತೆ, ತೆಂಗಿಗೆ ಅದೂ ಇಲ್ಲ, ಅದು ಹುಲ್ಲಿನ ಕಡೆಯ ನೆಂಟ. ಇವತ್ತು ಕಡಿದ ಮೆಟ್ಟಿಲು ಮರ ಇರೋವರೆಗೂ ಹಾಗೇ ಇರುತ್ತೆ, ನೀರು ನಿಲ್ಲುತ್ತೆ, ಆ ವಾಸನೆಗೆ ಕೆಂಪು ಮೂತಿ ಹುಳ ಬಂದು ಮೊಟ್ಟೆ ಇಡುತ್ತೆ. ಕಾಲಿಗೆ ತಳೆ (ಹಗ್ಗದ ಬಳೆ) ಹಾಕ್ಕೊಂಡು ಹತ್ತೋರು ಸಿಕ್ಕಿದ್ರೆ ಅದೇ ಬೆಸ್ಟು. ಇಲ್ಲಾಂದ್ರೆ ಪೆಡಲ್ ತರ ತುಳಿದು ಹತ್ತೋ ಮಷಿನ್ ಇದೆ, ತೆಂಗು ಅಭಿವೃದ್ಧಿ ಮಂಡಳಿಯವರು ಅದರ ಮೇಲೆ ಟ್ರೈನಿಂಗೂ ಕೊಡ್ತಾ ಬಂದಿದ್ದಾರೆ. ಮಷಿನ್ ತಗೊಂಡ್ರೂ ಸೇಫ್ಟಿ ಬೆಲ್ಟ್ ಬೇರೆ ತಗೊಳ್ಳಿ, ಅದಿಲ್ದೆ ಹತ್ತಿಸ್ಬೇಡಿ.